ಓರೆ ವಿ, ನೆಟ್ಟಗಿನ ವಿ

ಹೋದ ತಿಂಗಳು ಹತ್ತನೇ ತರಗತಿಗೆ ವಿದ್ಯುತ್ ಪಾಠದ ಅಭ್ಯಾಸ ಹಾಳೆ ಕೊಟ್ಟಿದ್ದೆ. ಎರಡು ಪುಟ, ಹನ್ನೆರಡು ಲೆಕ್ಕ. ಕೊಟ್ಟು ಹತ್ತು ನಿಮಿಷ ಆಗಿರಲಿಲ್ಲ, ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಇಲ್ಲಿ ವಿ ಎರಡು ಸಲ ಬಂದೈತಲ್ಲ, ಎರಡೂ ಕಡೆ ಹೊಡೆದು ಹಾಕಬೋದಾ?"

ಹಾಳೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇದ್ದದ್ದು ಇಷ್ಟೇ: ವಿ = 6 ವಿ. ವಿಭವಾಂತರ ಆರು ವೋಲ್ಟ್ ಅಂತ ಅರ್ಥ. ಅವಳು ಗಣಿತದಲ್ಲಿ ಕಲಿತ ಹಾಗೆ ಎರಡೂ ಬದಿಯಲ್ಲಿದ್ದ ಒಂದೇ ಅಕ್ಷರವನ್ನು ಹೊಡೆದು ಹಾಕಿದ್ದಳು. 1 = 6 ಅಂತ ಬಂದಿತ್ತು. ಅದು ಸರಿ ಕಾಣಲಿಲ್ಲ, ಅದಕ್ಕೇ ಕೇಳಿದಳು.

ತಪ್ಪು ಅವಳದ್ದಲ್ಲ. ನಾನು ಟೈಪ್ ಮಾಡಿದ್ದ ಹಾಳೆಯಲ್ಲಿ ಎರಡೂ ವಿ ಒಂದೇ ಥರ ಓರೆಯಾಗಿ ನಿಂತಿದ್ದವು. ಇದು ಒಂದು ಅಳತೆಯ ಹೆಸರು, ಅದು ಅಳೆಯುವ ಏಕಮಾನ ಅಂತ ಮಗು ಹೇಗೆ ಗುರುತಿಸಬೇಕು? ಅವತ್ತು ಬೋರ್ಡ್ ಮೇಲೆ "ಆರು ವೋಲ್ಟ್" ಅಂತ ಪೂರ್ತಿ ಬರೆದು ವಿವರಿಸಿದೆ. ಮನೆಗೆ ಬಂದು ಕಡತ ತೆಗೆದು ಕೂತೆ. ಆಮೇಲೆ ಎರಡು ಮೂರು ವಾರ ರಾತ್ರಿ ಊಟ ಆದ ಮೇಲೆ ಇದೇ ಕೆಲಸ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಮಂಡ್ಯ ಕಡೆಯ ಎಷ್ಟೋ ಶಿಕ್ಷಕರು ಮನೆಯಲ್ಲೇ ಕೂತು ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆ ಟೈಪ್ ಮಾಡುತ್ತಾರೆ. ಸಮೀಕರಣ ಬಂದ ಕಡೆ ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತೇವೆ.

ಮೊದಲು ನಿಯಮ. ಅಂತರರಾಷ್ಟ್ರೀಯ ತೂಕ ಮತ್ತು ಅಳತೆ ಬ್ಯೂರೋ ಪ್ರಕಟಿಸುವ ಎಸ್‌ಐ (ಅಂತರರಾಷ್ಟ್ರೀಯ ಏಕಮಾನ ಪದ್ಧತಿ) ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿದೆ. ಬೆಲೆ ಬದಲಾಗಬಹುದಾದ ಭೌತ ಪರಿಮಾಣದ ಅಕ್ಷರ ಓರೆ. ಏಕಮಾನದ ಅಕ್ಷರ ನೆಟ್ಟಗೆ. ಅಂಕಿಯೂ ನೆಟ್ಟಗೆ. ಅಂಕಿಗೂ ಏಕಮಾನಕ್ಕೂ ನಡುವೆ ಒಂದು ಜಾಗ. ಇಷ್ಟೇ. ಇದನ್ನು ಓದಿದಾಗ ಇಪ್ಪತ್ತು ವರ್ಷದಿಂದ ಪುಸ್ತಕದಲ್ಲಿ ಕಣ್ಣೆದುರೇ ಇದ್ದದ್ದನ್ನು ನಾನು ನೋಡೇ ಇರಲಿಲ್ಲ ಅನ್ನಿಸಿತು. ಓರೆ ಅಕ್ಷರ ಅಂದರೆ ಚೆಂದಕ್ಕೆ ಹಾಕುವ ಅಲಂಕಾರ ಅಂದುಕೊಂಡಿದ್ದೆ.

ನಮ್ಮ ಹತ್ತನೇ ತರಗತಿಯ ಪಾಠದಲ್ಲಿ ಎಷ್ಟು ಅಕ್ಷರ ಹೀಗೆ ಡಿಕ್ಕಿ ಹೊಡೆಯುತ್ತವೆ ಅಂತ ಒಂದು ಸಲ ಎಣಿಸಿ ನೋಡಿ. ಓರೆ ಎ ಅಂದರೆ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ, ನೆಟ್ಟಗಿನ ಎ ಅಂದರೆ ಆಂಪಿಯರ್. ಓರೆ ಡಬ್ಲ್ಯೂ ಅಂದರೆ ಮಾಡಿದ ಕೆಲಸ, ನೆಟ್ಟಗಿನದು ವ್ಯಾಟ್. ಸಣ್ಣ ಎಮ್ ಓರೆಯಾದರೆ ದ್ರವ್ಯರಾಶಿ, ನೆಟ್ಟಗಾದರೆ ಮೀಟರ್. ಜಿ ಓರೆಯಾದರೆ ಗುರುತ್ವ ವೇಗೋತ್ಕರ್ಷ, ನೆಟ್ಟಗಾದರೆ ಗ್ರಾಂ. ಪಿಯುಸಿಗೆ ಹೋದರೆ ಸಿ ಬರುತ್ತದೆ, ಓರೆ ಸಿ ಧಾರಕತೆ, ನೆಟ್ಟಗಿನ ಸಿ ಕೂಲಂಬ್. ಅಲ್ಲಿ ಕ್ಯೂ = ಸಿ ವಿ ಅಂತ ಬರೆದಾಗ ಸಿ, ವಿ ಎರಡಕ್ಕೂ ಎರಡೆರಡು ಅರ್ಥ. ದೊಡ್ಡಕ್ಷರಗಳಲ್ಲಿ ಈ ತೊಂದರೆ ಜಾಸ್ತಿ ಆಗಲು ಒಂದು ಕಾರಣವಿದೆ. ವಿಜ್ಞಾನಿಗಳ ಹೆಸರಿನಿಂದ ಬಂದ ಏಕಮಾನಗಳ ಸಂಕೇತವನ್ನು ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ವೋಲ್ಟಾ, ಆಂಪಿಯರ್, ವ್ಯಾಟ್, ಕೂಲಂಬ್ ಎಲ್ಲರೂ ವಿದ್ಯುತ್ ಪಾಠದಲ್ಲೇ ಬಂದು ಸೇರಿಕೊಂಡಿದ್ದಾರೆ.

ಈಗ ನಾನು ಏನು ಮಾಡಿದ್ದೆ ಅಂತ ಹೇಳುತ್ತೇನೆ. ಸಮೀಕರಣ ಟೈಪ್ ಮಾಡಿದ ಮೇಲೆ ಅದು ಹೇಗೆ ಕಾಣುತ್ತದೋ ಹಾಗೇ ಬಿಡುತ್ತಿದ್ದೆ. ಸಮೀಕರಣ ಬರೆಯುವ ಪ್ರೋಗ್ರಾಂಗಳು ಎಲ್ಲ ಅಕ್ಷರವನ್ನೂ ಚರಾಕ್ಷರ, ಅಂದರೆ ಬೆಲೆ ಬದಲಾಗುವ ಅಕ್ಷರ ಅಂತಲೇ ತಿಳಿದು ಓರೆ ಮಾಡುತ್ತವೆ. ಆರು ವೋಲ್ಟ್ ಅಂತ ಬರೆದರೂ ಅದಕ್ಕೆ ಅದು ಆರು ಗುಣಿಸು ವಿ. ಪ್ರೋಗ್ರಾಂ ಮಾಡಿದ್ದರಲ್ಲಿ ತಪ್ಪಿಲ್ಲ. ಇದು ಏಕಮಾನ ಅಂತ ನಾನು ಅದಕ್ಕೆ ಹೇಳಿಯೇ ಇರಲಿಲ್ಲ. ಕೆಲವು ಕಡೆ ಹಾಳೆಯ ವಾಕ್ಯದ ಜೊತೆ ಹೊಂದಲಿ ಅಂತ ಇಡೀ ಸಾಲನ್ನು ಆಯ್ದು ಇಟಾಲಿಕ್ ಬಟನ್ ಒತ್ತಿದ್ದೆ. ಆಗ ಕನ್ನಡವೂ ಓರೆಯಾಯಿತು.

ಕನ್ನಡದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು.

ಇಂಗ್ಲಿಷ್ ಲಿಪಿಯ ಓರೆ ಅಕ್ಷರಕ್ಕೆ ಅದರದ್ದೇ ಹುಟ್ಟು ಇದೆ. ಇಟಲಿಯ ಕೈಬರಹದಿಂದ ಬಂದದ್ದು. 1501ರಲ್ಲಿ ವೆನಿಸ್‌ನ ಆಲ್ಡಸ್ ಮನೂಷಿಯಸ್ ಆ ಅಚ್ಚಿನಲ್ಲಿ ಇಡೀ ಪುಸ್ತಕ ಮುದ್ರಿಸಿದ. ಅದಕ್ಕೇ ಒಳ್ಳೆಯ ಫಾಂಟಿನಲ್ಲಿ ಓರೆ ಎ, ಓರೆ ಎಫ್ ನೋಡಿದರೆ ಅವುಗಳ ಆಕಾರವೇ ಬೇರೆ. ಯಾರೋ ಕೈಯಲ್ಲಿ ಕೂತು ಬರೆದ ಆಕಾರ ಅದು. ಕನ್ನಡದಲ್ಲಿ ಹಾಗೆ ಬೇರೆ ಓರೆ ರೂಪದ ಸಂಪ್ರದಾಯ ಇಲ್ಲ. ನಮ್ಮ ಅಕ್ಷರ ದುಂಡು. ಮೇಲೆ ತಲೆಕಟ್ಟು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಒತ್ತಿ ಹೇಳಬೇಕಾದರೆ ನಾವು ದಪ್ಪಕ್ಷರ ಬಳಸುತ್ತೇವೆ, ಇಲ್ಲವೇ ಉದ್ಧರಣ ಚಿಹ್ನೆ ಹಾಕುತ್ತೇವೆ. ಕಂಪ್ಯೂಟರಿನಲ್ಲಿ ಕನ್ನಡವನ್ನು ಇಟಾಲಿಕ್ ಮಾಡಿದರೆ ಅದು ಇರುವ ಅಕ್ಷರವನ್ನೇ ಹಿಡಿದು ಬಲಕ್ಕೆ ವಾಲಿಸುತ್ತದೆ, ಅಷ್ಟೇ. ತಲೆಕಟ್ಟು ಒಂದು ಕಡೆ ಜಾರುತ್ತದೆ, ಒತ್ತು ಎಡಕ್ಕೆ ಸರಿದು ಹಿಂದಿನ ಅಕ್ಷರದ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ಗಾತ್ರದಲ್ಲಿ ಹೇಗೋ ಓದಬಹುದು. ಸಮೀಕರಣದ ಕೆಳಗೆ ಬರುವ ಪುಟ್ಟಕ್ಷರದಲ್ಲಿ, ಅದೂ ಜೆರಾಕ್ಸ್ ಮೇಲೆ ಜೆರಾಕ್ಸ್ ಆದ ಹಾಳೆಯಲ್ಲಿ, ಒತ್ತಕ್ಷರ ಒಂದು ಕಪ್ಪು ಚುಕ್ಕೆ.

ನನಗೆ ಇದು ಗೊತ್ತಾದದ್ದು ಶಿವನಸಮುದ್ರದ ಲೆಕ್ಕದಲ್ಲಿ. ನಮ್ಮ ಮಕ್ಕಳನ್ನು ಒಂದು ಸಲ ಅಲ್ಲಿಯ ವಿದ್ಯುತ್ ಕೇಂದ್ರವಿರುವ ಬ್ಲಫ್‌ಗೆ ಕರೆದುಕೊಂಡು ಹೋಗಿದ್ದೆವು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾಗಿ 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಸುಮಾರು 147 ಕಿಲೋಮೀಟರ್ ದೂರದ ತಂತಿ. ಅಷ್ಟು ದೂರ ತಂತಿಯಲ್ಲಿ ಹೋದರೆ ದಾರಿಯಲ್ಲಿ ಕರೆಂಟು ಖರ್ಚಾಗಲ್ವಾ ಅಂತ ಮಕ್ಕಳು ಬಸ್ಸಿನಲ್ಲೇ ಕೇಳಿದ್ದರು. ಎಂಥಾ ಒಳ್ಳೆಯ ಪ್ರಶ್ನೆ. ಅದಕ್ಕೇ ಒಂದು ಲೆಕ್ಕ ಮಾಡಿದೆ. ಅಂಕಿಗಳು ನಾನೇ ಸುಲಭಕ್ಕೆ ಇಟ್ಟವು, ಅಲ್ಲಿಯ ನಿಜವಾದ ಅಂಕಿಗಳಲ್ಲ: ಕಳಿಸುವ ಸಾಮರ್ಥ್ಯ 1000 ಕಿಲೋವ್ಯಾಟ್, ತಂತಿಯ ಒಟ್ಟು ರೋಧ 20 ಓಮ್. 10,000 ವೋಲ್ಟ್‌ನಲ್ಲಿ ಕಳಿಸಿದರೆ ಪ್ರವಾಹ 100 ಆಂಪಿಯರ್, ತಂತಿಯಲ್ಲಿ ನಷ್ಟ 200 ಕಿಲೋವ್ಯಾಟ್. 20,000 ವೋಲ್ಟ್ ಮಾಡಿದರೆ ಪ್ರವಾಹ 50 ಆಂಪಿಯರ್, ನಷ್ಟ ಬರೀ 50 ಕಿಲೋವ್ಯಾಟ್. ವೋಲ್ಟೇಜ್ ಎರಡರಷ್ಟು ಮಾಡಿದರೆ ನಷ್ಟ ಕಾಲು ಭಾಗಕ್ಕೆ ಇಳಿಯಿತು.

ನಷ್ಟದ ಸೂತ್ರ ಐ ವರ್ಗ ಗುಣಿಸು ಆರ್, ಐ ಅಂದರೆ ಪ್ರವಾಹ, ಆರ್ ಅಂದರೆ ರೋಧ. ಎಡಗಡೆ ಸಾಮರ್ಥ್ಯದ ಪಿ, ಅದರ ಕೆಳಗೆ ಪುಟ್ಟದಾಗಿ "ನಷ್ಟ" ಅಂತ ಬರಬೇಕು. ಕನ್ನಡ ಮಾಧ್ಯಮದ ಮಕ್ಕಳಿಗೆ ಅಲ್ಲಿ ಇಂಗ್ಲಿಷ್ ಪದ ಹಾಕುವುದು ನನಗೆ ಇಷ್ಟವಿರಲಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಸುಮ್ನೆ ಟೈಪ್ ಮಾಡಿದಾಗ ಷ್ಟ ಒಡೆದುಹೋಯಿತು. ಷ್ ಬೇರೆ, ಟ ಬೇರೆ, ನಡುವೆ ಜಾಗ. ಗಣಿತದ ಸಾಲಿನೊಳಗೆ ಪ್ರತಿ ಅಕ್ಷರವೂ ಒಂದೊಂದು ಚರಾಕ್ಷರ ಅಂತ ಅದು ಬಿಡಿಬಿಡಿಯಾಗಿ ಜೋಡಿಸಿತ್ತು. ಮೇಲಿಂದ ಓರೆ ಬೇರೆ.

ಸರಿ, ಡಿಟಿಪಿ ಅಂಗಡಿಯಲ್ಲಿ ಮಾಡಿಸೋಣ ಅಂತ ಪೆನ್‌ಡ್ರೈವ್ ಹಿಡಿದು ನೂರಡಿ ರಸ್ತೆಗೆ ಹೋದೆ. ಅಂಗಡಿಯಣ್ಣ ವರ್ಷಗಳಿಂದ ಮದುವೆ ಕಾರ್ಡು, ಕೋರ್ಟ್ ಕಾಗದ ಟೈಪ್ ಮಾಡುವವರು, ಕೈ ಬಹಳ ಚುರುಕು. ಅವರ ಹತ್ತಿರ ಇದ್ದದ್ದು ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ವ್ಯವಸ್ಥೆ) ಅಲ್ಲದ ಹಳೆಯ ಫಾಂಟು. ವಾಕ್ಯಗಳೆಲ್ಲ ಚೆನ್ನಾಗಿ ಬಂದವು. ಸಮೀಕರಣದೊಳಗೆ "ನಷ್ಟ" ಅಂತ ಹಾಕಿದ ತಕ್ಷಣ ಕನ್ನಡ ಮಾಯ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪು ಬಂತು. "ಮೇಡಂ, ಇದ್ಯಾಕೋ ಒಳಗಡೆ ಹಿಡೀತಾ ಇಲ್ಲ" ಅಂದರು. ಅಣ್ಣ, ಪರವಾಗಿಲ್ಲ ಬಿಡಿ ಅಂತ ವಾಪಸ್ ತಂದೆ. ಆಮೇಲೆ ಯೋಚಿಸಿದಾಗ ಕಾರಣ ಗೊತ್ತಾಯಿತು. ಆ ಥರದ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಫಾಂಟು ಮಾತ್ರ ಅವುಗಳ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತದೆ. ಸಮೀಕರಣದ ಪೆಟ್ಟಿಗೆ ತನ್ನದೇ ಗಣಿತ ಫಾಂಟನ್ನು ಹಾಕಿಕೊಳ್ಳುತ್ತದಲ್ಲ, ಆ ಹೊತ್ತಿಗೆ ಮೇಲಿನ ಕನ್ನಡ ಚಿತ್ರ ಹೋಗಿ ಕೆಳಗಿದ್ದ ಇಂಗ್ಲಿಷ್ ಕಾಣುತ್ತದೆ. ಹಾಗಾಗಿ ಸಮೀಕರಣದಲ್ಲಿ ಕನ್ನಡ ಬೇಕೆಂದರೆ ಯೂನಿಕೋಡ್ ಕನ್ನಡವೇ ಬೇಕು. ಬೇರೆ ದಾರಿ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಈಗ ಕೆಲಸದ ವಿಷಯ. ನಾನು ಬಳಸುವುದು ಲಿಬ್ರೆಆಫೀಸ್, ದುಡ್ಡು ಕೊಡಬೇಕಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಅದರಲ್ಲಿ ಬರವಣಿಗೆಗೆ ಇರುವ ರೈಟರ್‌ನಲ್ಲಿ ಇನ್ಸರ್ಟ್, ಆಬ್ಜೆಕ್ಟ್, ಫಾರ್ಮುಲಾ ಅಂತ ಹೋದರೆ ಕೆಳಗೆ ಒಂದು ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ ಟೈಪ್ ಮಾಡಿದ್ದು ಮೇಲೆ ಸೂತ್ರವಾಗಿ ಕಾಣುತ್ತದೆ. ಇದರ ಬೀಗದ ಕೈ ಅಂದರೆ ಡಬಲ್ ಕೋಟ್. ಕೋಟ್ ಒಳಗೆ ಹಾಕಿದ್ದೆಲ್ಲ ಪಠ್ಯ, ನೆಟ್ಟಗೆ ನಿಲ್ಲುತ್ತದೆ. ಕೋಟ್ ಇಲ್ಲದ ಅಕ್ಷರವೆಲ್ಲ ಚರಾಕ್ಷರ, ಓರೆಯಾಗುತ್ತದೆ. ಅಂದರೆ ನನ್ನ ಸಾಲು ಹೀಗೆ:

ಪಿ_"ನಷ್ಟ" = ಐ^2 ಆರ್

ಪಿ, ಐ, ಆರ್ ಇವುಗಳನ್ನು ನೀವು ಇಂಗ್ಲಿಷ್ ಕೀಲಿಯಲ್ಲೇ ಒತ್ತಬೇಕು, ನಷ್ಟವನ್ನು ಕನ್ನಡದಲ್ಲಿ. ಅಡಿಗೆರೆ ಅಂದರೆ ಕೆಳಗಿನ ಪುಟ್ಟಕ್ಷರ, ಟೋಪಿ ಗುರುತು ಅಂದರೆ ಘಾತ. ಷ್ಟ ಒಂದೇ ಅಕ್ಷರವಾಗಿ, ನೆಟ್ಟಗೆ ಬಂತು. ನೋಡಿ ನನಗೆ ನಿಜವಾಗಿ ಖುಷಿಯಾಯಿತು.

ಅದೇ ರೀತಿ ಮೊದಲ ಲೆಕ್ಕ (ಎರಡೂ ವಿ ಇಂಗ್ಲಿಷ್ ಕೀಲಿಯದ್ದೇ): ವಿ = 6~"ವಿ". ಇಲ್ಲಿ ಅಲೆ ಗುರುತು ಅಂದರೆ ಟಿಲ್ಡೆ, ಅಂಕಿಗೂ ಏಕಮಾನಕ್ಕೂ ನಡುವೆ ಜಾಗ ಬಿಡಲು. ಈ ಪೆಟ್ಟಿಗೆಯಲ್ಲಿ ಸ್ಪೇಸ್ ಬಾರ್ ಎಷ್ಟು ಸಲ ಒತ್ತಿದರೂ ಸೂತ್ರದಲ್ಲಿ ಜಾಗ ಆಗುವುದಿಲ್ಲ, ಅದು ಪದಗಳನ್ನು ಬೇರೆ ಮಾಡಲು ಮಾತ್ರ. ಟಿಲ್ಡೆ ಜಾಗ ಜಾಸ್ತಿ ಅನ್ನಿಸಿದರೆ ಅದೇ ಕೀಲಿಯಲ್ಲಿರುವ ಹಿಮ್ಮುಖ ಕೋಟ್ ಹಾಕಿ, ಚಿಕ್ಕ ಜಾಗ ಬರುತ್ತದೆ. ನಾನು ಏಕಮಾನಕ್ಕೆ ಅದನ್ನೇ ಹಾಕುತ್ತೇನೆ.

ಕೋಟ್ ಹಾಕದಿದ್ದರೆ ಇನ್ನೊಂದು ಅಪಾಯ ಇದೆ. ಇಂಗ್ಲಿಷಿನ ಕೆಲವು ಸಣ್ಣ ಪದಗಳು ಲಿಬ್ರೆಆಫೀಸ್‌ಗೆ ಆಜ್ಞೆಗಳು. ಇನ್ ಅಂತ ಟೈಪ್ ಮಾಡಿದರೆ ಗಣದ ಸದಸ್ಯ ಅನ್ನುವ ಗುರುತು ಬರುತ್ತದೆ. ಆ್ಯಂಡ್, ಮತ್ತೆ "ಅಥವಾ" ಅನ್ನುವ ಅರ್ಥದ ಆರ್ ಪದ, ಇವು ತರ್ಕದ ಗುರುತುಗಳು. ಇಂಗ್ಲಿಷ್ ಮಾಧ್ಯಮದ ಹಾಳೆಗೆ ಸೂತ್ರದೊಳಗೆ ಒಂದು ವಾಕ್ಯ ಹಾಕಲು ಹೋದರೆ ಅರ್ಧ ವಾಕ್ಯ ಸಂಕೇತವಾಗಿ ಕೂತುಬಿಡುತ್ತದೆ.

ಸೈನ್, ಕಾಸ್, ಲಾಗ್ ಇವಕ್ಕೆ ಕೋಟ್ ಬೇಡ. ಇವು ಫಲನದ ಹೆಸರು ಅಂತ ಪ್ರೋಗ್ರಾಂಗೆ ಗೊತ್ತು, ತಾನೇ ನೆಟ್ಟಗೆ ಇಡುತ್ತದೆ. ಬೆಳಕಿನ ವಕ್ರೀಭವನದ ಪಾಠದಲ್ಲಿ ಸೈನ್ ಐ ಭಾಗಿಸು ಸೈನ್ ಆರ್ ಬರೆಯುವಾಗ ಸೈನ್ ನೆಟ್ಟಗೆ, ಕೋನಗಳಾದ ಐ, ಆರ್ ಓರೆ. ಎಲ್ಲವೂ ಓರೆಯಾದರೆ ಎಸ್, ಐ, ಎನ್ ಮೂರು ಗುಣಿಸಿದ ಹಾಗೆ ಕಾಣುತ್ತದೆ. ಆಗ ಪಕ್ಕದಲ್ಲೇ ಕೋನದ ಐ ಬೇರೆ ಇರುತ್ತದಲ್ಲ, ಮಕ್ಕಳಿಗೆ ತಲೆ ಕೆಡುತ್ತದೆ.

ಗ್ರೀಕ್ ಅಕ್ಷರಕ್ಕೆ ಶೇಕಡಾ ಗುರುತು ಹಾಕಿ ಹೆಸರು ಬರೆಯಬೇಕು. ಶೇಕಡಾ ಗುರುತಿಗೂ ಹೆಸರಿಗೂ ನಡುವೆ ಒಂದು ಸಣ್ಣ ಐ ಸೇರಿಸಿದರೆ ಓರೆ, ಇಲ್ಲದಿದ್ದರೆ ನೆಟ್ಟಗೆ. ರೋಧಶೀಲತೆಯ ರೋ ಒಂದು ಪರಿಮಾಣ, ಆದ್ದರಿಂದ ಐ ಸೇರಿಸಿ ಓರೆ ಮಾಡುತ್ತೇನೆ. ಓಮ್ ಗುರುತಿನ ದೊಡ್ಡ ಒಮೆಗಾ ಏಕಮಾನ, ಆದ್ದರಿಂದ ಸೇರಿಸುವುದಿಲ್ಲ. ಯಾವುದೋ ಒಂದು ಅಕ್ಷರವನ್ನು ಮಾತ್ರ ನೆಟ್ಟಗೆ ಮಾಡಬೇಕಾದರೆ ಇಟಾಲಿಕ್ ಅನ್ನುವ ಇಂಗ್ಲಿಷ್ ಪದದ ಆರಂಭಕ್ಕೆ ಒಂದು ಎನ್ ಸೇರಿಸಿ, ಅದನ್ನು ಆ ಅಕ್ಷರಕ್ಕಿಂತ ಮೊದಲು ಬರೆದರೆ ಸಾಕು. ದಪ್ಪ ಮಾಡಲು ಬೋಲ್ಡ್, ಅದನ್ನು ತೆಗೆಯಲು ಅದರ ಆರಂಭಕ್ಕೂ ಎನ್. ಆದರೆ ನನ್ನ ಅನುಭವದಲ್ಲಿ ಶೇಕಡಾ ತೊಂಬತ್ತು ಕೆಲಸ ಕೋಟ್‌ನಲ್ಲೇ ಮುಗಿಯುತ್ತದೆ. ಕೋಟ್ ಹಾಕುವಾಗ "ಇದು ಏಕಮಾನ ಇಲ್ಲವೇ ಹೆಸರು, ಇದು ಪರಿಮಾಣ ಅಲ್ಲ" ಅಂತ ನಾವು ಯೋಚಿಸಲೇಬೇಕಾಗುತ್ತದೆ. ಬಟನ್ ಒತ್ತುವಾಗ ಆ ಯೋಚನೆ ಬರುವುದೇ ಇಲ್ಲ.

ಫಾಂಟ್ ಬದಲಿಸಲು ಸೂತ್ರದ ಒಳಗೆ ಇರುವಾಗ ಫಾರ್ಮ್ಯಾಟ್, ಫಾಂಟ್ಸ್ ಅಂತ ಹೋಗಿ. ಚರಾಕ್ಷರ, ಫಲನ, ಅಂಕಿ, ಪಠ್ಯ ನಾಲ್ಕಕ್ಕೂ ಬೇರೆ ಬೇರೆ ಫಾಂಟ್ ಇಡಬಹುದು. ಪಠ್ಯಕ್ಕೆ ನಾನು ಕನ್ನಡದ ನೋಟೋ ಫಾಂಟ್ ಇಟ್ಟಿದ್ದೇನೆ. ಚರಾಕ್ಷರಕ್ಕೆ ಮಾತ್ರ ದಯವಿಟ್ಟು ಅಂಚುಕೊಕ್ಕೆ ಇರುವ ಸೆರಿಫ್ ಫಾಂಟನ್ನೇ ಇಡಿ. ಯಾಕೆ ಅಂತೀರಾ? ಪ್ರವಾಹದ ದೊಡ್ಡ ಐ, ಉದ್ದದ ಸಣ್ಣ ಎಲ್, ಅಂಕಿ ಒಂದು, ಈ ಮೂರೂ ಏರಿಯಲ್ ಥರದ ಫಾಂಟಿನಲ್ಲಿ ಹೆಚ್ಚು ಕಡಿಮೆ ಒಂದೇ ಕಡ್ಡಿ. ವಿದ್ಯುತ್ ಪಾಠದಲ್ಲಿ ಮೂರೂ ಒಂದೇ ಪುಟದಲ್ಲಿ ಬರುತ್ತವೆ. ಅಲ್ಲೇ ಇರುವ ಡೀಫಾಲ್ಟ್ ಬಟನ್ ಒತ್ತಿದರೆ ಮುಂದೆ ಬರೆಯುವ ಎಲ್ಲ ಸೂತ್ರಕ್ಕೂ ಅದೇ ಉಳಿಯುತ್ತದೆ. ಹಿಂದೆ ಬರೆದವು ಮಾತ್ರ ಬದಲಾಗುವುದಿಲ್ಲ, ಪ್ರತಿ ಸೂತ್ರವೂ ಕಡತದಲ್ಲಿ ಬೇರೆ ಬೇರೆ ವಸ್ತು. ನಾನು ಹನ್ನೆರಡು ಲೆಕ್ಕದ ಮೂವತ್ತಕ್ಕೂ ಹೆಚ್ಚು ಸೂತ್ರವನ್ನು ಒಂದೊಂದಾಗಿ ತೆರೆದು ಸರಿ ಮಾಡಿದೆ. ಅದಕ್ಕೇ ಹಾಳೆ ಶುರು ಮಾಡುವ ಮೊದಲೇ ಫಾಂಟ್ ನಿಗದಿ ಮಾಡಿಕೊಳ್ಳಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮ ಶಾಲೆಯ ಗಣಿತದ ಮೇಷ್ಟ್ರು ವರ್ಡ್ ಬಳಸುತ್ತಾರೆ. ಅವರ ಜೊತೆ ಕೂತು ಅದನ್ನೂ ನೋಡಿದೆ. ಆಲ್ಟ್ ಹಿಡಿದು ಸಮ ಗುರುತು ಒತ್ತಿದರೆ ಸಮೀಕರಣದ ಜಾಗ ತೆರೆಯುತ್ತದೆ. 2007ರ ಆವೃತ್ತಿಯಿಂದ ಬಂದ ವ್ಯವಸ್ಥೆ ಇದು, ಫಾಂಟು ಕೇಂಬ್ರಿಯಾ ಮ್ಯಾಥ್. ಅದಕ್ಕೂ ಹಿಂದಿನ ಈಕ್ವೇಷನ್ ಎಡಿಟರ್ 3.0 ಅನ್ನು ಭದ್ರತೆಯ ದೋಷದ ಕಾರಣಕ್ಕೆ 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತೆಗೆದುಹಾಕಿತು. ನಿಮ್ಮ ಹಳೆಯ ಪ್ರಶ್ನೆಪತ್ರಿಕೆಯ ಸೂತ್ರಗಳು ಕಾಣುತ್ತವೆ ಆದರೆ ತಿದ್ದಲು ಬಿಡುವುದಿಲ್ಲ ಅಂದರೆ ಅದೇ ಕಾರಣ ಇರಬಹುದು.

ವರ್ಡ್‌ನಲ್ಲೂ ಕೋಟ್ ಕೆಲಸ ಮಾಡುತ್ತದೆ. ಡಬಲ್ ಕೋಟ್ ಒಳಗೆ ಬರೆದು, ಕೋಟ್ ಮುಚ್ಚಿ, ಸ್ಪೇಸ್ ಒತ್ತಿದರೆ ಕೋಟ್ ಮಾಯವಾಗಿ ಪಠ್ಯ ನೆಟ್ಟಗೆ ಉಳಿಯುತ್ತದೆ. ಜಾಗ ಬೇಕಾದರೆ ಕೋಟ್ ಒಳಗೇ ಮೊದಲು ಒಂದು ಸ್ಪೇಸ್ ಇಡಿ, ಯಾಕೆಂದರೆ ಹೊರಗೆ ಒತ್ತಿದ ಸ್ಪೇಸನ್ನು ಅದು ಸೂತ್ರ ಕಟ್ಟಲು ಬಳಸಿಕೊಂಡುಬಿಡುತ್ತದೆ. ಈಗಾಗಲೇ ಬರೆದದ್ದನ್ನು ಸರಿ ಮಾಡಲು ಆ ಭಾಗ ಆಯ್ದು, ಮೇಲೆ ಸಮೀಕರಣದ ಪಟ್ಟಿಯಲ್ಲಿ ನಾರ್ಮಲ್ ಟೆಕ್ಸ್ಟ್ ಒತ್ತಿ. ಹಾಗೆ ಮಾಡಿದ ಪದಕ್ಕೆ ಬೇರೆ ಫಾಂಟ್ ಕೊಡಬಹುದು. ಕನ್ನಡಕ್ಕೆ ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಫಾಂಟ್ ಇಟ್ಟೆವು. ಸೈನ್ ಅಂತ ಬರೆದು ಸ್ಪೇಸ್ ಒತ್ತಿದರೆ ಇಲ್ಲೂ ತಾನೇ ನೆಟ್ಟಗಾಗುತ್ತದೆ. ಕಂಟ್ರೋಲ್ ಐ ಒತ್ತಿ ಓರೆ ತೆಗೆಯಲೂಬಹುದು, ಆದರೆ ಅದರಿಂದ ಅಕ್ಷರದ ಆಕಾರ ಮಾತ್ರ ಬದಲಾಗುತ್ತದೆ, ಪದ ಪಠ್ಯ ಆಗುವುದಿಲ್ಲ.

ವರ್ಡ್‌ನಿಂದ ಒಂದು ಓರೆ ವಿ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅಲ್ಲಿ ಇಟಾಲಿಕ್ ಬಟನ್ ಇಲ್ಲದೆಯೂ ಅದು ಓರೆಯಾಗಿಯೇ ಬರುತ್ತದೆ. ಮೊದಲ ಸಲ ನೋಡಿ ಆಶ್ಚರ್ಯಪಟ್ಟೆ. ಗಣಿತದ ಓರೆ ಅಕ್ಷರಗಳಿಗೆ 2001ರಲ್ಲಿ ಯೂನಿಕೋಡ್ 3.1 ಬೇರೆಯೇ ಮನೆಗಳನ್ನು ಕೊಟ್ಟಿದೆ. ಅಂದರೆ ಓರೆ ವಿ ಅನ್ನುವುದು ಸಾದಾ ವಿಯ ಇನ್ನೊಂದು ವೇಷ ಅಲ್ಲ, ಅಲ್ಲಿ ಅದು ಬೇರೆ ಅಕ್ಷರ. ಆ ಸಾಲಿನಲ್ಲಿ ಸಣ್ಣ ಓರೆ ಎಚ್ ಇರಬೇಕಾದ ಮನೆ ಖಾಲಿ. ಪ್ಲಾಂಕ್ ಸ್ಥಿರಾಂಕದ ಎಚ್ ಮೊದಲೇ ಬೇರೆ ಕಡೆ ಜಾಗ ಪಡೆದಿತ್ತು, ಅದನ್ನೇ ಬಳಸಿಕೊಳ್ಳಿ ಅಂತ ಇಲ್ಲಿ ಖಾಲಿ ಬಿಟ್ಟರು. ಭೌತಶಾಸ್ತ್ರ ಓದಿದ ನನಗೆ ಇದು ಬಹಳ ಹಿಡಿಸಿತು, ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ.

ಕೆಳಗಿನ ಪುಟ್ಟಕ್ಷರಗಳ ಬಗ್ಗೆ ಇನ್ನೊಂದು ಮಾತು ಇದೆ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಶಿವನಸಮುದ್ರದ ಲೆಕ್ಕದಲ್ಲಿ ಮೊದಲು ನಾನು ವಿಗೆ ಯಾವ ಪುಟ್ಟಕ್ಷರವನ್ನೂ ಹಾಕಿರಲಿಲ್ಲ. ನಷ್ಟ ಕಂಡುಹಿಡಿಯಲು ಐದಾರು ಮಕ್ಕಳು ಇನ್ನೊಂದು ಸೂತ್ರ ಹಿಡಿದರು, ವಿ ವರ್ಗ ಭಾಗಿಸು ಆರ್. ಸೂತ್ರ ಸರಿಯೇ. ವಿ ಜಾಗದಲ್ಲಿ 10,000 ಹಾಕಿದರು. 20ರಿಂದ ಭಾಗಿಸಿದರೆ ಬಂದದ್ದು 50 ಲಕ್ಷ ವ್ಯಾಟ್. ಕಳಿಸಿದ್ದೇ 10 ಲಕ್ಷ ವ್ಯಾಟ್! ಕಳಿಸಿದ್ದಕ್ಕಿಂತ ಐದು ಪಟ್ಟು ನಷ್ಟ. ಒಬ್ಬ ಹುಡುಗ "ಹಂಗಾದ್ರೆ ಕೋಲಾರಕ್ಕೆ ಏನೂ ಹೋಗಿಲ್ವಾ ಮಿಸ್?" ಅಂದ.

ಆ ವಿ ಬೇರೆ, ಈ ವಿ ಬೇರೆ. 10,000 ಅನ್ನುವುದು ಕಳಿಸಿದ ವೋಲ್ಟೇಜ್. ಆ ಸೂತ್ರಕ್ಕೆ ಬೇಕಾದದ್ದು ತಂತಿಯ ಎರಡು ತುದಿಗಳ ನಡುವೆ ಬಿದ್ದ ವೋಲ್ಟೇಜ್, ಅದು 100 ಗುಣಿಸು 20, ಅಂದರೆ 2,000 ವೋಲ್ಟ್ ಮಾತ್ರ. ಅದನ್ನು ವರ್ಗ ಮಾಡಿ 20ರಿಂದ ಭಾಗಿಸಿ ನೋಡಿ, ಸರಿಯಾಗಿ 2 ಲಕ್ಷ ವ್ಯಾಟ್ ಬರುತ್ತದೆ. ಹೊಸ ಹಾಳೆಯಲ್ಲಿ ಒಂದು ವಿ ಕೆಳಗೆ "ಕಳಿಸಿದ" ಅಂತ, ಇನ್ನೊಂದರ ಕೆಳಗೆ "ತಂತಿ" ಅಂತ ಹಾಕಿದೆ. ಎರಡೂ ವಿ ಓರೆ, ಯಾಕೆಂದರೆ ಎರಡೂ ಪರಿಮಾಣ. ಪುಟ್ಟ ಪದಗಳು ನೆಟ್ಟಗೆ, ಯಾಕೆಂದರೆ ಅವು ಹೆಸರಿನ ಚೀಟಿ. ಎಸ್‌ಐ ಕೈಪಿಡಿ ಹೇಳುವುದೂ ಇದನ್ನೇ: ಕೆಳಗಿನ ಅಕ್ಷರ ವಿವರಣೆಯಾದರೆ ನೆಟ್ಟಗೆ, ಅದೇ ಒಂದು ಪರಿಮಾಣವಾದರೆ ಓರೆ. ಬೋಲ್ಟ್ಜ್‌ಮನ್ ಸ್ಥಿರಾಂಕದ ಕೆ ಕೆಳಗಿನ ಬಿ ನೆಟ್ಟಗೆ ಇರುವುದು ಅದು ಒಬ್ಬ ಮನುಷ್ಯನ ಹೆಸರಿನ ಮೊದಲ ಅಕ್ಷರ ಅಂತ. ಸ್ಥಿರ ಒತ್ತಡದಲ್ಲಿ ಅಳೆದ ವಿಶಿಷ್ಟೋಷ್ಣದ ಸಿ ಕೆಳಗಿನ ಪಿ ಓರೆ, ಯಾಕೆಂದರೆ ಅಲ್ಲಿ ಪಿ ಅಂದರೆ ಒತ್ತಡ.

ಕನ್ನಡದ ಪದ ಅಲ್ಲಿ ಎಷ್ಟು ಚೆನ್ನಾಗಿ ಕೂತಿದೆ ಅಂದರೆ, ಮಕ್ಕಳು ಈಗ ನೋಟ್ಸಿನಲ್ಲೂ ಪಿ ಕೆಳಗೆ ನಷ್ಟ ಅಂತಲೇ ಬರೆಯುತ್ತಾರೆ. ಆದರೆ ಪುಟ್ಟ ಪದ ಎರಡು ಮೂರು ಅಕ್ಷರ ಮೀರಬಾರದು. "ಕಳಿಸಿದ" ಅನ್ನುವುದೇ ಉದ್ದವಾಯಿತು ಅನ್ನಿಸುತ್ತದೆ, ಇನ್ನೂ ಚಿಕ್ಕ ಪದ ಹುಡುಕುತ್ತಿದ್ದೇನೆ. ಉದ್ದನೆಯ ವಾಕ್ಯವನ್ನು ಸಮೀಕರಣದೊಳಗೆ ತುರುಕುವ ಬದಲು ಕೆಳಗೆ ಬೇರೆ ಸಾಲಿನಲ್ಲಿ "ಇಲ್ಲಿ ಆರ್ ಎಂದರೆ ತಂತಿಯ ಒಟ್ಟು ರೋಧ" ಅಂತ ಬರೆಯುವುದೇ ಒಳ್ಳೆಯದು. ಆ ಸಾಲಿನಲ್ಲಿ ಬರುವ ಆರ್ ಕೂಡ ಓರೆಯಾಗಿಯೇ ಇರಬೇಕು, ಅದೇ ಫಾಂಟಿನಲ್ಲಿ. ಸೂತ್ರದಲ್ಲಿ ಒಂದು ಥರ, ವಾಕ್ಯದಲ್ಲಿ ಇನ್ನೊಂದು ಥರ ಇದ್ದರೆ ಮಗುವಿಗೆ ಎರಡು ಬೇರೆ ಆರ್ ಕಾಣುತ್ತವೆ. ಇದಕ್ಕಾಗಿ ರೈಟರ್‌ನಲ್ಲಿ "ಚರ" ಅಂತ ಒಂದು ಕ್ಯಾರೆಕ್ಟರ್ ಸ್ಟೈಲ್ ಮಾಡಿ ಇಟ್ಟಿದ್ದೇನೆ. ಅಕ್ಷರ ಆಯ್ದು ಒಂದು ಕ್ಲಿಕ್ ಮಾಡಿದರೆ ಸೂತ್ರದ ಫಾಂಟಿಗೇ, ಓರೆಗೇ ಹೋಗುತ್ತದೆ. ಪಕ್ಕದ ಕನ್ನಡಕ್ಕೆ ತಾಗುವುದಿಲ್ಲ.

ಸೂತ್ರಕ್ಕೆ ಸಂಖ್ಯೆ ಬೇಕಾದವರಿಗೆ ಒಂದು ಚಿಕ್ಕ ಉಪಾಯ: ರೈಟರ್‌ನಲ್ಲಿ ಎಫ್, ಎನ್ ಎರಡಕ್ಷರ ಟೈಪ್ ಮಾಡಿ ಎಫ್3 ಒತ್ತಿ, ಸಂಖ್ಯೆ ಸಮೇತ ಸೂತ್ರ ಬರುತ್ತದೆ. ಮತ್ತೆ ಜೆರಾಕ್ಸ್ ಅಂಗಡಿಗೆ ಯಾವಾಗಲೂ ಪಿಡಿಎಫ್ ತೆಗೆದುಕೊಂಡು ಹೋಗಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇರುತ್ತದೆ ಅಂತ ನಂಬಬೇಡಿ.

ಹೊಸ ಹಾಳೆ ಹೋದ ಸೋಮವಾರ ಕೊಟ್ಟೆ. ಕೊಡುವ ಮೊದಲು ಬೋರ್ಡ್ ಮೇಲೆ ಎರಡು ವಿ ದೊಡ್ಡದಾಗಿ ಬರೆದು, ಓರೆಯದ್ದು ಯಾವುದು, ನೆಟ್ಟಗಿನದು ಯಾವುದು ಅಂತ ಹೇಳಿದೆ. ನೀವು ಕೈಯಲ್ಲಿ ಬರೆಯುವಾಗ ಓರೆ ನೆಟ್ಟಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಏಕಮಾನವನ್ನು ಪೂರ್ತಿ ಪದದಲ್ಲಿ ಬರೆಯಿರಿ ಸಾಕು, ಆದರೆ ಓದುವಾಗ ನೋಡಿ ಅಂದೆ. ಅದೇ ಎರಡನೇ ಬೆಂಚಿನ ಹುಡುಗಿ ಲೆಕ್ಕ ಶುರು ಮಾಡುವ ಮೊದಲು ಕೆಂಪು ಪೆನ್ನು ತೆಗೆದು ನೆಟ್ಟಗಿನ ಅಕ್ಷರಗಳಿಗೆಲ್ಲ ಸುತ್ತು ಹಾಕುತ್ತಾ ಹೋದಳು. ಎರಡನೇ ಪುಟಕ್ಕೆ ಬಂದವಳು ಕೈ ಎತ್ತಿದಳು. "ಮಿಸ್, ಒಂಬತ್ತನೇ ಲೆಕ್ಕದಲ್ಲಿ ಆಂಪಿಯರ್ ಓರೆಯಾಗೈತೆ."

ನೋಡಿದೆ, ಹೌದು. ಒಂದು ಕಡೆ ಕೋಟ್ ಬಿಟ್ಟುಹೋಗಿತ್ತು. ಸಂಜೆ ಸರಿ ಮಾಡಿದ್ದೇನೆ. ಯಾರಿಗಾದರೂ ಈ ಹಾಳೆ ಬೇಕಿದ್ದರೆ ಕೇಳಿ, ಪಿಡಿಎಫ್ ಜೊತೆಗೆ ತಿದ್ದಬಹುದಾದ ಕಡತವನ್ನೂ ಕಳಿಸುತ್ತೇನೆ. ಸೂತ್ರಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಎಲ್ಲಿ ಕೋಟ್ ಹಾಕಿದ್ದೇನೆ ಅಂತ ಕಾಣುತ್ತದೆ.